ಬೇಸಗೆಯ ಬಾಗಿಲಲ್ಲಿ ಮುತ್ತುಗದ ಹೂ

ವಸಂತ ಎಂದೊಡನೆ ನಮ್ಮಲ್ಲಿ ಲೇಖನಿ ಹಿಡಿದವರಿಗೆಲ್ಲ ಮಾವಿನ ಚಿಗುರು, ಕೋಗಿಲೆ, ಮಲ್ಲಿಗೆ ಈ ಮೂರೂ ಒಟ್ಟಿಗೆ ನೆನಪಾಗುವುದು ವಾಡಿಕೆ. ನಮ್ಮ ಕಾಲೇಜಿನ ಪುಸ್ತಕಭಂಡಾರದಲ್ಲಿರುವ ಹಳೆಯ ವಾರ್ಷಿಕ ಸಂಚಿಕೆಗಳನ್ನು ತಿರುವಿ ನೋಡಿದೆ. ವಸಂತವನ್ನು ಕುರಿತ ಪ್ರಬಂಧವಿಲ್ಲದ ಸಂಚಿಕೆ ನನ್ನ ಕೈಗೆ ಸಿಕ್ಕಲಿಲ್ಲ. ಆ ಸಾಲಿಗೆ ನಾನೂ ಒಂದನ್ನು ಸೇರಿಸಲು ಹೊರಟಿದ್ದೇನೆ. ಆದರೆ ಕೋಗಿಲೆಯ ವಿಚಾರ ನನಗೆ ಹೆಚ್ಚು ತಿಳಿಯದು. ನಾನು ಹೇಳಬೇಕೆಂದಿರುವುದು ಶಿರಾ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ನಮ್ಮ ಹೊಲದ ಬದುವಿನ ಮೇಲೆ ನಿಂತಿರುವ ಮೂರು ಮುತ್ತುಗದ ಮರಗಳ ಮಾತು. ನಾನು ಇತಿಹಾಸದ ವಿದ್ಯಾರ್ಥಿ. ಸಸ್ಯಶಾಸ್ತ್ರ ನನ್ನ ಪಾಠದ ವಿಷಯವಲ್ಲ. ನಮ್ಮಜ್ಜಿ ಕೇಳಿದ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ಅಷ್ಟಿಷ್ಟು ಓದಬೇಕಾಯಿತು. ಓದಿದ್ದನ್ನು ಸಹಪಾಠಿಗಳೊಡನೆ ಹಂಚಿಕೊಳ್ಳುವುದಷ್ಟೇ ಈ ಲೇಖನದ ಉದ್ದೇಶ.

ಮೊದಲು ಋತುವಿನ ವಿಚಾರ. ನಾವೆಲ್ಲ ಶಾಲೆಯಲ್ಲಿ ಇಂಗ್ಲಿಷ್ ಪದ್ಯಗಳನ್ನು ಬಾಯಿಪಾಠ ಮಾಡಿದವರೇ. ಡ್ಯಾಫೊಡಿಲ್ ಹೂವನ್ನು ಕಣ್ಣಿನಿಂದ ನೋಡದೆಯೇ ಅದರ ಮೇಲೆ ಹತ್ತು ಅಂಕದ ಉತ್ತರ ಬರೆದಿದ್ದೇವೆ. ಆ ದೇಶದಲ್ಲಿ ಸ್ನೋಡ್ರಾಪ್ ಎಂಬ ಪುಟ್ಟ ಬಿಳಿಯ ಹೂವೊಂದು ಜನವರಿ, ಫೆಬ್ರವರಿಯಲ್ಲೇ ಹಿಮದ ನಡುವಿನಿಂದ ತಲೆಯೆತ್ತುತ್ತದಂತೆ. ಅಲ್ಲಿಯ ಜನ ಅದನ್ನು ಕಂಡು ಆಶೆಯ ಗುರುತು ಎನ್ನುವುದು ಸಹಜವೇ. ಕತ್ತಲೆ, ಚಳಿ ಎಲ್ಲ ಹಿಂದೆ ಬಿತ್ತು, ಕಷ್ಟದ ಕಾಲ ಮುಗಿಯಿತು ಎಂಬ ಸುದ್ದಿಯನ್ನು ಆ ಹೂ ತರುತ್ತದೆ.

ನಮ್ಮ ಬಯಲುಸೀಮೆಯ ವಸಂತ ಹಾಗಲ್ಲ. ಇಲ್ಲಿ ಚಳಿ ಯಾರಿಗೂ ಅಂಥ ಕಷ್ಟವನ್ನು ಕೊಟ್ಟಿರುವುದಿಲ್ಲ. ಕಷ್ಟವೆಲ್ಲ ಇನ್ನು ಮುಂದೆ ಬರಬೇಕು. ಮುತ್ತುಗ ಹೂ ಬಿಡುವ ಹೊತ್ತಿಗೆ ಕೆರೆ ಬತ್ತಲು ತೊಡಗಿರುತ್ತದೆ, ದನಕ್ಕೆ ಹಸಿ ಮೇವು ಮುಗಿದಿರುತ್ತದೆ, ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲು ಪೂರ್ತಿಯಾಗಿ ಎದುರಿಗೆ ನಿಂತಿರುತ್ತದೆ. ಇಂಗ್ಲೆಂಡಿನ ಹೂ ಕಷ್ಟದ ಕೊನೆಯಲ್ಲಿ ಅರಳಿದರೆ ನಮ್ಮ ಹೂ ಕಷ್ಟದ ಬಾಗಿಲಲ್ಲಿ ಅರಳುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ ಅವರ ಆಶೆಯನ್ನು ನಮ್ಮ ಮರಕ್ಕೆ ತಂದು ಕಟ್ಟಿದರೆ ಅದು ಅಂಟುವುದಿಲ್ಲ ಎಂದು ನನ್ನ ಭಾವನೆ.

ಮುತ್ತುಗವನ್ನು ನೋಡದವರು ನಮ್ಮ ಕಾಲೇಜಿನಲ್ಲಿ ಇರಲಾರರು. ಹೂವನ್ನು ಗಮನಿಸದವರೂ ಅದರ ಎಲೆಯ ಮೇಲೆ ಉಂಡಿರುತ್ತಾರೆ. ಒಂದು ತೊಟ್ಟಿಗೆ ಮೂರು ಎಲೆ. ಒಣಗಿಸಿ, ಕಡ್ಡಿ ಚುಚ್ಚಿ ಹಚ್ಚಿದರೆ ಊಟದ ಎಲೆಯಾಗುತ್ತದೆ. ನಮ್ಮಜ್ಜಿ ಮಾತನಾಡುತ್ತಲೇ, ಕೈಯ ಕಡೆ ನೋಡದೆಯೇ ಎಲೆ ಹಚ್ಚಬಲ್ಲಳು. ಸಂಸ್ಕೃತದಲ್ಲಿ ಇದಕ್ಕೆ ಪಲಾಶ, ಕಿಂಶುಕ ಎಂಬ ಹೆಸರುಗಳಿವೆ. ಕಿಂಶುಕ ಎಂದರೆ ‘ಇದೇನು ಗಿಳಿಯೇ?’ ಎಂದು ಅರ್ಥ. ಹೂವಿನ ಒಂದು ದಳ ಗಿಳಿಯ ಕೊಕ್ಕಿನಂತೆಯೇ ಬಾಗಿರುವುದನ್ನು ನೋಡಿದರೆ ಹೆಸರಿಟ್ಟವನ ಕಣ್ಣನ್ನು ಮೆಚ್ಚಬೇಕು. ವಿಜ್ಞಾನಿಗಳು ಇಟ್ಟ ಹೆಸರು ಬ್ಯುಟಿಯ ಮಾನೊಸ್ಪರ್ಮ. ಬ್ಯುಟಿಯ ಎಂಬುದು ಬ್ಯೂಟ್ ಪ್ರಾಂತದ ಮೂರನೆಯ ಅರ್ಲ್ ಜಾನ್ ಸ್ಟುಅರ್ಟನ ನೆನಪಿಗಾಗಿ ಬಂದದ್ದು. ಆತ 1762ರಿಂದ 1763ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದವನು, ಸಸ್ಯಶಾಸ್ತ್ರದಲ್ಲಿ ಆಸಕ್ತಿಯಿದ್ದವನು. ಪ್ರಧಾನಿ ಪಟ್ಟ ಒಂದು ವರ್ಷವೂ ಪೂರ್ತಿ ನಿಲ್ಲಲಿಲ್ಲ. ಹೆಸರು ಮಾತ್ರ ನಮ್ಮೂರ ಬದುವಿನ ಮರದ ಮೇಲೆ ನಿಂತುಬಿಟ್ಟಿದೆ. ಇತಿಹಾಸದ ವಿದ್ಯಾರ್ಥಿಗೆ ಇಂಥ ಸಣ್ಣ ಸಂಗತಿಗಳಲ್ಲಿ ಒಂದು ಬಗೆಯ ಸುಖವಿದೆ, ವಾಚಕರು ಕ್ಷಮಿಸಬೇಕು. ಮಾನೊಸ್ಪರ್ಮ ಎಂದರೆ ಒಂದೇ ಬೀಜವುಳ್ಳದ್ದು. ಈ ಒಂದು ಬೀಜದ ವಿಚಾರ ಮುಂದೆ ಬರುತ್ತದೆ.

ಮುತ್ತುಗದ ಮೇಲೆ ನಮ್ಮ ಹಿರಿಯರು ಹೊರಿಸಿದ ಅಪವಾದವೊಂದಿದೆ. ರೂಪವಿದ್ದು ವಿದ್ಯೆಯಿಲ್ಲದವರನ್ನು ಗಂಧವಿಲ್ಲದ ಕಿಂಶುಕಕ್ಕೆ ಹೋಲಿಸುವ ಸುಭಾಷಿತವನ್ನು ಸಂಸ್ಕೃತ ತರಗತಿಯಲ್ಲಿ ಎಲ್ಲರೂ ಕೇಳಿದ್ದೀರಿ. ಗಂಧವಿಲ್ಲವೆಂಬುದು ನಿಜ. ಆದರೆ ಹೂ ತನ್ನ ಬಂಧುಗಳನ್ನು ಕರೆಯುವ ಬಗೆ ಒಂದೇ ಅಲ್ಲ. ರಾತ್ರಿ ಹಾರುವ ಪತಂಗವನ್ನು ಕರೆಯಬೇಕಾದ ಹೂವಿಗೆ ಪರಿಮಳ ಬೇಕು. ಮುತ್ತುಗ ಕರೆಯುವುದು ಹಗಲಿನ ಹಕ್ಕಿಗಳನ್ನು: ಸೂರಕ್ಕಿ, ಗೊರವಂಕ ಮುಂತಾದವನ್ನು. ಇಂಥ ಹಕ್ಕಿಗಳು ಹೂವನ್ನು ಹುಡುಕುವುದು ಮೂಗಿನಿಂದಲ್ಲ, ಕಣ್ಣಿನಿಂದ. ಜೇನ್ನೊಣದ ಕಣ್ಣಿಗೆ ಸರಿಯಾಗಿ ಕಾಣದ ಕೆಂಪು ಹಕ್ಕಿಯ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಎಲೆಯೆಲ್ಲ ಉದುರಿ ಬೋಳಾದ ಕೊಂಬೆಯ ಮೇಲೆ, ಸುತ್ತಮುತ್ತ ಹಸುರೇ ಇಲ್ಲದ ಬಯಲಿನಲ್ಲಿ, ಆ ಬಣ್ಣ ಅರ್ಧ ಮೈಲಿಗೂ ಕಾಣುತ್ತದೆ. ಸುಭಾಷಿತಕಾರನು ಹೂವನ್ನು ಮೂಸಿ ನೋಡಿ ತೀರ್ಪು ಕೊಟ್ಟ. ಮರದ ಕೆಳಗೆ ಒಂದು ಗಳಿಗೆ ಕುಳಿತು ಹಕ್ಕಿಗಳ ಗಲಾಟೆ ಕೇಳಿದ್ದರೆ ಬೇರೆ ಉಪಮೆ ಹುಡುಕುತ್ತಿದ್ದನೋ ಏನೋ.

ಇನ್ನು ಅಜ್ಜಿಯ ಪ್ರಶ್ನೆಗೆ ಬರುತ್ತೇನೆ.

2023ರ ಮಳೆಗಾಲವನ್ನು ನಮ್ಮ ಕಡೆಯವರು ಮರೆಯುವಂತಿಲ್ಲ. ಆ ವರ್ಷದ ಆಗಸ್ಟ್ ತಿಂಗಳು ಇಡೀ ಭಾರತಕ್ಕೆ 1901ರಿಂದ ಈಚೆಗೆ ಅತ್ಯಂತ ಒಣ ಆಗಸ್ಟ್ ಆಗಿತ್ತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. ನಮ್ಮ ಕಡಲೆಕಾಯಿ ಹೂವಿನಲ್ಲೇ ಬಾಡಿತು. ಕಿತ್ತ ಬಳ್ಳಿಯಲ್ಲಿ ಕಾಯಿ ಇರಲಿಲ್ಲ, ಇದ್ದ ಕಾಯಿಯಲ್ಲಿ ಕಾಳಿರಲಿಲ್ಲ. ಬೋರ್‌ವೆಲ್ ದೀಪಾವಳಿಯ ಹೊತ್ತಿಗೆ ಗಾಳಿ ಉಗುಳತೊಡಗಿತು. ಸಂಕ್ರಾಂತಿ ಮುಗಿದ ವಾರ ಅಪ್ಪ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋಗಿ ಒಬ್ಬನೇ ಹಿಂತಿರುಗಿದ. ಅಣ್ಣ ಬೆಂಗಳೂರಿಗೆ ಹೋಗಿ ಗೋದಾಮೊಂದರಲ್ಲಿ ಕೆಲಸಕ್ಕೆ ಸೇರಿದ. ನಾನು ಆಗ ಬಿ.ಎ. ಮೊದಲ ವರ್ಷ. ಫೆಬ್ರವರಿಯಲ್ಲಿ ಒಂದು ಭಾನುವಾರ ಊರಿಗೆ ಹೋದಾಗ, “ನೀನೂ ಅಣ್ಣನ ಜೊತೆ ಒಂದು ವರ್ಷ ದುಡಿ, ಓದು ಆಮೇಲೆ ನೋಡೋಣ” ಎಂದು ಅಪ್ಪ ಹೇಳಿದ. ಅವನ ಮಾತಿನಲ್ಲಿ ಕೋಪವಿರಲಿಲ್ಲ, ಲೆಕ್ಕವಿತ್ತು. ನನ್ನಲ್ಲಿ ಉತ್ತರವಿರಲಿಲ್ಲ.

ಅಜ್ಜಿ ಮಾತ್ರ ಬದುವಿನ ಕಡೆ ಕೈ ತೋರಿಸಿ, “ಮುತ್ತುಗ ಹೂ ಬಿಟ್ಟೈತೆ. ಈ ಸಲ ಮಳೆ ಆಯ್ತದೆ. ಮುತ್ತುಗದ ಕಾಯಿ ಉದುರೋಗಂಟ ಯಾರೂ ಏನೂ ಮಾಡಬ್ಯಾಡಿ” ಎಂದಳು.

ಮುತ್ತುಗ ಹೂ ಬಿಟ್ಟದ್ದು ನಿಜ. ಆದರೆ ಮೂರು ಮರಗಳಲ್ಲಿ ಎರಡು ಮಾತ್ರ. ಕೆಳಬದಿಯ ಮರ ಎಲೆಯುದುರಿಸಿ ಸುಮ್ಮನೆ ನಿಂತಿತ್ತು. ಅಜ್ಜಿ ಆ ಮರದ ಸುದ್ದಿ ಎತ್ತಲಿಲ್ಲ.

ನನಗೆ ಕಾಲೇಜು ಸೇರಿದ ಹೊಸ ಜಾಣತನ. ಹೂವಿಗೂ ಮುಂದೆ ಬರುವ ಮಳೆಗೂ ಸಂಬಂಧವಿಲ್ಲ, ಮರಕ್ಕೆ ಮುಂದಿನದು ತಿಳಿಯುವುದಿಲ್ಲ, ಅದು ಹೂ ಬಿಡುವುದು ಹೋದ ವರ್ಷ ಕುಡಿದ ನೀರಿನಿಂದ, ಎಂದು ಅಜ್ಜಿಗೆ ಬುದ್ಧಿ ಹೇಳಿದೆ. ಆಕೆ ಎಲೆ ಹಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ಅಲ್ಲ ಮಗ, ಹೋದ ವರ್ಷ ಮಳೇನೇ ಉಯ್ಯಲಿಲ್ವಲ್ಲ. ಇಲ್ದಿರೋ ನೀರ್ನ ಈ ಮರ ಎಲ್ಲಿಂದ ಕುಡೀತು?”

ಈ ಪ್ರಶ್ನೆಗೆ ಆ ದಿನ ನಾನು ತಡವರಿಸಿದೆ. ಸೋಮವಾರ ಹಿಂತಿರುಗಿದವನೇ ಪುಸ್ತಕಗಳನ್ನು ಹುಡುಕಿದೆ. ತಿಳಿದುಬಂದದ್ದು ಹೀಗೆ.

ಗಿಡ ನೀರನ್ನು ಹೆಚ್ಚಾಗಿ ಕಳೆದುಕೊಳ್ಳುವುದು ಎಲೆಯ ಮೂಲಕ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿವೆ. ಗಿಡ ಗಾಳಿಯಿಂದ ಆಹಾರ ಪಡೆಯಲು ಅವನ್ನು ತೆರೆದಿಡಬೇಕು, ತೆರೆದಿಟ್ಟರೆ ನೀರು ಆವಿಯಾಗಿ ಹೋಗುತ್ತದೆ. ಮಣ್ಣಿನಲ್ಲಿ ತೇವವಿರುವವರೆಗೆ ಈ ವ್ಯಾಪಾರ ಲಾಭದ್ದು. ತೇವ ತೀರಿದ ಮೇಲೆ ನಷ್ಟದ್ದು. ಆಗ ಮುತ್ತುಗ, ಬೂರುಗದಂಥ ಮರಗಳು ಅಂಗಡಿಯನ್ನೇ ಮುಚ್ಚಿಬಿಡುತ್ತವೆ. ಎಲೆಯಲ್ಲಿದ್ದ ಸತ್ತ್ವದ ಒಂದು ಭಾಗವನ್ನು ಕಾಂಡಕ್ಕೆ ಎಳೆದುಕೊಂಡು, ಎಲೆಯ ತೊಟ್ಟನ್ನು ಕಡಿದು ಉದುರಿಸುತ್ತವೆ. ನಾವು ಬೋಳು ಮರವನ್ನು ಕಂಡು ಮರ ಸೋತಿತು ಎಂದುಕೊಳ್ಳುತ್ತೇವೆ. ವಾಸ್ತವವಾಗಿ ಸೋರುತ್ತಿದ್ದ ಗಡಿಗೆಗೆ ಅರಗು ಹಚ್ಚಿದಂತಾಗಿರುತ್ತದೆ. ವೆಚ್ಚ ನಿಂತಮೇಲೆ ಆಳದ ಬೇರು ಹನಿಹನಿಯಾಗಿ ಎಳೆದ ನೀರು ಕಾಂಡದಲ್ಲೇ ಉಳಿಯುತ್ತದೆ. ಒಣಗಿದ್ದ ಕಾಂಡ ಮಳೆಯಿಲ್ಲದೆಯೇ ಮತ್ತೆ ತುಂಬಿಕೊಳ್ಳುತ್ತದೆ. ಹಿಂದೆ ಕೂಡಿಟ್ಟಿದ್ದ ಪಿಷ್ಟ ಸಕ್ಕರೆಯಾಗಿ ಕರಗಿ ಕೊಂಬೆಗಳಿಗೆ ಹರಿಯುತ್ತದೆ. ಕಪ್ಪು ಮಖಮಲ್ಲಿನಂಥ ಮೊಗ್ಗುಗಳು ಊದುವುದು ಆಗ.

ಮುತ್ತುಗದ ಸಸಿ ಮೊದಮೊದಲು ಮೇಲೆ ಬೆಳೆಯುವುದು ಬಹಳ ನಿಧಾನ; ದಪ್ಪ ತಾಯಿಬೇರನ್ನು ಕೆಳಕ್ಕೆ ಇಳಿಸುವುದೇ ಅದರ ಮುಖ್ಯ ಉದ್ಯೋಗ. ಬೆಳೆದ ಮರದ ಬೇರು ಒಂದು ವರ್ಷದ ಮಳೆಯನ್ನು ನಂಬಿ ಕುಳಿತಿರುವುದಿಲ್ಲ. ಕಡಲೆಕಾಯಿಯ ಬೇರಿಗೆ ಎಟುಕದ ಆಳದಲ್ಲಿ, ಕಲ್ಲಿನ ಸಂದಿನಲ್ಲಿ, ಮೊನ್ನೆಮೊನ್ನೆಯ ವರ್ಷಗಳ ತೇವ ಉಳಿದಿರುತ್ತದೆ. ಅಜ್ಜಿಯ ಪ್ರಶ್ನೆಗೆ ಉತ್ತರ ಇದೇ. ಮರ ಕುಡಿದದ್ದು 2023ರ ಇಲ್ಲದ ನೀರನ್ನಲ್ಲ. 2022ರಲ್ಲಿ ನಮ್ಮ ಕಡೆ ಕೆರೆ ಕೋಡಿ ಬಿದ್ದಿತ್ತು, ಆ ನೀರಿರಬಹುದು. ಹೂ ಬಿಡದ ಮೂರನೆಯ ಮರ ನಿಂತಿರುವುದು ಬಂಡೆಯ ಮೇಲಿನ ತೆಳುವಾದ ಮಣ್ಣಿನಲ್ಲಿ. ಅದರ ಉಳಿತಾಯ ಅಷ್ಟಕ್ಕೇ ಮುಗಿದಿತ್ತೆಂದು ತೋರುತ್ತದೆ.

ಮುಂದಿನದು ಮರಕ್ಕೆ ತಿಳಿಯುವುದಿಲ್ಲ ಎಂದು ನಾನು ಅಂದಿದ್ದ ಮಾತೂ ಪೂರ್ತಿ ಸರಿಯಲ್ಲ. 2006ರಲ್ಲಿ ಎಲಿಯಟ್, ಬೇಕರ್, ಬೋರ್ಚರ್ಟ್ ಎಂಬ ಮೂವರು ವಿಜ್ಞಾನಿಗಳು ಏಷ್ಯದ ಮಾನ್ಸೂನ್ ಕಾಡುಗಳ ಒಂದು ಒಗಟನ್ನು ಕುರಿತು ಬರೆದರು. ಇಲ್ಲಿಯ ಎಷ್ಟೋ ಮರಗಳು ಮೊದಲ ಮಳೆಗೆ ಒಂದೆರಡು ತಿಂಗಳು ಮುಂಚೆಯೇ, ಬೇಸಗೆಯ ನಡುವೆ, ಚಿಗುರಿಬಿಡುತ್ತವೆ. ಮಳೆಯೂ ಇಲ್ಲ, ತಂಪೂ ಇಲ್ಲ. ಹಾಗಾದರೆ ಅವಕ್ಕೆ ಹೊತ್ತಾಯಿತೆಂದು ಹೇಳುವವರು ಯಾರು? ಹಗಲು ಉದ್ದವಾಗುತ್ತಿರುವುದೇ ಆ ಸೂಚನೆ ಎಂಬುದು ಅವರ ತೀರ್ಮಾನ. ನಮ್ಮ ಅಕ್ಷಾಂಶದಲ್ಲಿ ಡಿಸೆಂಬರ್ 21ರ ಸುಮಾರಿಗೆ ಹಗಲು 11 ಗಂಟೆ 17 ನಿಮಿಷದಷ್ಟು. ಫೆಬ್ರವರಿಯ ನಡುವಿಗೆ ಅದು ಇಪ್ಪತ್ತೈದು ನಿಮಿಷದಷ್ಟು ಬೆಳೆದಿರುತ್ತದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಗಡಿಯಾರ ಕಟ್ಟಿಕೊಂಡ ನಾವೇ ಗಮನಿಸುವುದಿಲ್ಲ. ಅವರು ಹೇಳಿದ್ದು ಚಿಗುರಿನ ವಿಚಾರ. ಹೂವಿಗೂ ಅದನ್ನೇ ಪೂರ್ತಿಯಾಗಿ ಅನ್ವಯಿಸಲು ನಾನು ಅರ್ಹನಲ್ಲ. ಆದರೆ ಮರ ಲೆಕ್ಕ ಹಾಕುವುದು ಮೋಡವನ್ನು ನೋಡಿ ಅಲ್ಲ ಎಂಬುದಿಷ್ಟು ಸ್ಪಷ್ಟ. ಸೂರ್ಯ ಯಾವ ವರ್ಷವೂ ತಪ್ಪುವುದಿಲ್ಲ. ಮಳೆ ತಪ್ಪುತ್ತದೆ.

ಇಷ್ಟಕ್ಕೂ ಇಂಥ ಕೆಟ್ಟ ಕಾಲದಲ್ಲಿ ಹೂ ಬಿಡುವ ಅವಸರವೇನು? ಇದಕ್ಕೆ ಉತ್ತರ ಆ ಒಂದು ಬೀಜದಲ್ಲಿದೆ. ಮುತ್ತುಗದ ಕಾಯಿ ಕಾಗದದಂತೆ ಚಪ್ಪಟೆ, ಹಗುರ. ತುದಿಯಲ್ಲಿ ಒಂದೇ ಒಂದು ಬೀಜ. ಬೇಸಗೆಯ ಗಾಳಿಗೆ ಕಳಚಿ ದೂರ ಹಾರಿ ಬೀಳಬೇಕು. ಬಿದ್ದ ಮೇಲೆ ಬಹಳ ಕಾಲ ಕಾಯುವ ಶಕ್ತಿ ಆ ಬೀಜಕ್ಕಿಲ್ಲ. ಮೊದಲ ಮಳೆಯಲ್ಲಿಯೇ ಮೊಳೆತರೆ ಮುಂದಿನ ಬೇಸಗೆಯೊಳಗೆ ಬೇರನ್ನು ಆಳಕ್ಕೆ ಇಳಿಸಲು ನಾಲ್ಕೈದು ತಿಂಗಳ ತೇವ ಸಿಗುತ್ತದೆ. ತಡವಾಗಿ ಮೊಳೆತ ಸಸಿ ಬದುಕುವುದಿಲ್ಲ. ಆದ್ದರಿಂದ ಕಾಯಿ ಮೇ ಕೊನೆಗೆ ಸಿದ್ಧವಾಗಿರಬೇಕು. ಕಾಯಿ ಬಲಿಯಲು ಎರಡು ಮೂರು ತಿಂಗಳು ಬೇಕು. ಹಿಂದಕ್ಕೆ ಎಣಿಸುತ್ತ ಬಂದರೆ ಹೂವಿನ ಕಾಲ ಫೆಬ್ರವರಿ, ಮಾರ್ಚಿಗೇ ಬಂದು ನಿಲ್ಲುತ್ತದೆ. ರೋಹಿಣಿ ಮಳೆಗೆ ಬೀಜ ನೆಲದಲ್ಲಿರಬೇಕಾದರೆ ಶಿವರಾತ್ರಿಗೆ ಹೂ ಕೊಂಬೆಯಲ್ಲಿರಬೇಕು. ನಮ್ಮ ರೈತ ಬಿತ್ತನೆ ಬೀಜವನ್ನು ಬೇಸಗೆಯಲ್ಲೇ ಆರಿಸಿಡುವಂತೆ.

ಎಲ್ಲ ಗಿಡಗಳೂ ಹೀಗೆ ಧೈರ್ಯ ಮಾಡುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ಗಿಡವನ್ನು ನೋಡಿ. ಮೊಗ್ಗು ಸಿದ್ಧವಾಗಿ ಕುಳಿತಿರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಒಂದು ಹದವಾದ ಮಳೆ ಬಿದ್ದು ಎಂಟು ಹತ್ತು ದಿನವಾದ ಮೇಲೆಯೇ ಅರಳುತ್ತದೆ. ಆ ಮಳೆಗೆ ಹೂವಿನ ಮಳೆ ಎಂದೇ ಹೆಸರು. ಅದು ಬಾರದಿದ್ದರೆ ತೋಟದವರು ತುಂತುರು ನೀರು ಹಾರಿಸಿ ಹೂವನ್ನು ಎಬ್ಬಿಸಬೇಕು. ಅದು ಮಳೆಗೆ ಉತ್ತರ ಕೊಡುವ ಹೂ. ಮುತ್ತುಗದ್ದು ಮಳೆಯನ್ನು ಕೇಳದೆ ಅರಳುವ ಹೂ. ಮಾವಿಗೆ ಚಳಿಗಾಲದ ತಂಪು ಸೂಚನೆ, ಬೇವು ಯುಗಾದಿಗೆ ಸರಿಯಾಗಿ ಸಣ್ಣ ಬಿಳಿಯ ಹೂ ತಳೆಯುತ್ತದೆ, ಹೊಂಗೆ ಎಲ್ಲರಿಗಿಂತ ತಡವಾಗಿ ಎಚ್ಚತ್ತರೂ ಏಪ್ರಿಲ್ ಬಿಸಿಲಿಗೆ ನೆರಳು ಕೊಡುವಷ್ಟು ಚಿಗುರಿಕೊಳ್ಳುತ್ತದೆ. ಸ್ನೋಡ್ರಾಪಿನ ಕತೆಯೂ ಒಳಗೆ ಇದೇ. ಹಿಂದಿನ ವರ್ಷ ಗೆಡ್ಡೆಯಲ್ಲಿ ಕೂಡಿಟ್ಟ ಆಹಾರದಿಂದ ಅದು ಹಿಮದ ಕಾಲದಲ್ಲಿ ತಲೆಯೆತ್ತುತ್ತದೆ. ಅಷ್ಟರಮಟ್ಟಿಗೆ ಇಂಗ್ಲೆಂಡಿನ ಹೂವೂ ನಮ್ಮ ಮುತ್ತುಗವೂ ನೆಂಟರು.

ಆ ಮಾರ್ಚ್ ತಿಂಗಳಲ್ಲಿ ಅಣ್ಣ ಬೆಂಗಳೂರಿನಿಂದ ಫೋನಿನಲ್ಲಿ ಒಂದು ಚಿತ್ರ ಕಳಿಸಿದ. ರಸ್ತೆಯ ಎರಡೂ ಕಡೆ ಟಬೂಬಿಯ ಮರಗಳು ಗುಲಾಬಿ ಬಣ್ಣದ ಹೂವಿನಿಂದ ತುಂಬಿದ್ದವು. ಅವುಗಳ ಕೆಳಗೆ ಕೊಡಪಾನಗಳ ಸಾಲು, ನೀರಿನ ಟ್ಯಾಂಕರು. 2024ರ ಆ ಬೇಸಗೆಯಲ್ಲಿ ರಾಜಧಾನಿಯಲ್ಲಿ ನೀರಿಗೆ ಆದ ಪರದಾಟ ಎಲ್ಲರೂ ಬಲ್ಲದ್ದೇ. ಟಬೂಬಿಯ ನಮ್ಮ ನಾಡಿನದಲ್ಲ, ಮಧ್ಯ ಅಮೆರಿಕದ ಕಡೆಯದು. ಬೆಂಗಳೂರಿನ ಬೀದಿಗಳಲ್ಲಿ ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುತ್ತಿರಬೇಕೆಂದು ಯೋಚಿಸಿದವರಲ್ಲಿ, 1908ರಲ್ಲಿ ಅಲ್ಲಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಪ್ರಮುಖನು. ಅಣ್ಣ ಚಿತ್ರದ ಕೆಳಗೆ, “ಇಲ್ಲೂ ಹೂ ಬಿಟ್ಟಿದೆ, ಅಜ್ಜಿಗೆ ತೋರಿಸು” ಎಂದು ಬರೆದಿದ್ದ. ತೋರಿಸಿದೆ. ಅಜ್ಜಿ ಹೂವನ್ನು ನೋಡಲಿಲ್ಲ, ಕೊಡಪಾನಗಳನ್ನು ಎಣಿಸಿದಳು.

ಬೇರಿನ ವಿಚಾರ, ಹಗಲಿನ ವಿಚಾರ ಎಲ್ಲವನ್ನೂ ಯುಗಾದಿಗೆ ಹೋದಾಗ ನಾನು ಆಕೆಗೆ ತಿಳಿಸಿ ಹೇಳಿದೆ. ಗಮನವಿಟ್ಟು ಕೇಳಿದಳು. “ಹಂಗಾದ್ರೆ ಮಳೆ ಬತ್ತದೆ ಅಂತ ಅದಕ್ಕೆ ಗೊತ್ತಿಲ್ಲ, ಆದ್ರೂ ಬಿಡ್ತದೆ” ಎಂದಳು. ಹೌದು ಎಂದೆ. ಅಪ್ಪ ಜಗಲಿಯ ಮೇಲೆ ಕುಳಿತು ಕೇಳಿಸಿಕೊಳ್ಳುತ್ತಿದ್ದ. ಕಾಲೇಜು ಬಿಡುವ ಮಾತನ್ನು ಅವನು ಆ ದಿನ ಎತ್ತಲಿಲ್ಲ. ಮರುದಿನ ಬಸ್ಸಿನ ಚಾರ್ಜಿಗೆಂದು ಕೊಟ್ಟ ಹಣದಲ್ಲಿ ಪರೀಕ್ಷೆಯ ಫೀಸಿನ ಹಣವೂ ಸೇರಿತ್ತು.

ಮೇ ತಿಂಗಳಲ್ಲಿ ಮಳೆ ಬಂತು. ಆ ವರ್ಷ ದೇಶದ ಮಾನ್ಸೂನ್ ವಾಡಿಕೆಗಿಂತ ನೂರಕ್ಕೆ ಎಂಟರಷ್ಟು ಹೆಚ್ಚಾಯಿತು. ಅಜ್ಜಿಯ ಮಾತು ನಿಜವಾಯಿತು ಎಂದು ಊರಿನವರು ಹೇಳಿದರು. ಕೇವಲ ಕಾಕತಾಳೀಯವೆಂದು ನಾನು ಈಗಲೂ ಹೇಳುತ್ತೇನೆ. 2023ರ ಫೆಬ್ರವರಿಯಲ್ಲಿಯೂ ಮುತ್ತುಗ ಹೂ ಬಿಟ್ಟಿತ್ತು, ಮೂರೂ ಮರ ಬಿಟ್ಟಿದ್ದವು, ಆ ವರ್ಷ ಮಳೆಯಾಗಲಿಲ್ಲ. ಇದನ್ನು ನೆನಪಿಸಿದರೆ ಅಜ್ಜಿ ಕಿವಿ ಕೇಳಿಸದವಳಂತೆ ಎದ್ದು ಹೋಗುತ್ತಾಳೆ.

ಎತ್ತಿಲ್ಲದ ಕಾರಣ ಅಪ್ಪ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಉಳಿಸಿದ. ಬದುವಿನ ಹತ್ತಿರ ಬಂದಾಗ ಕೈಯೆತ್ತಿ ನಿಲ್ಲಿಸಿ, ಗೇಣುದ್ದವೂ ಇರದ ನಾಲ್ಕು ಮುತ್ತುಗದ ಸಸಿಗಳ ಸುತ್ತ ಕಲ್ಲು ಇಟ್ಟ. ಓಡಿಸುವ ಹುಡುಗ, “ಅದೇನಣ್ಣ, ಕಾಡುಗಿಡ ಅಲ್ವಾ?” ಎಂದ. ಅಪ್ಪ, “ಇರ್ಲಿ, ಅಷ್ಟು ಬಿಟ್ಟು ಹೊಡಿ” ಎಂದ. ಮುಂದಿನ ಬೇಸಗೆಯಲ್ಲಿ ಅವುಗಳಲ್ಲಿ ಎರಡು ಒಣಗಿದವು.

2025ರ ಫೆಬ್ರವರಿಯಲ್ಲಿ ಬಂಡೆಯ ಮೇಲಿನ ಮೂರನೆಯ ಮರವೂ ಹೂ ಬಿಟ್ಟಿತು. ಎತ್ತುಗಳನ್ನು ಇನ್ನೂ ಕೊಂಡಿಲ್ಲ. ಅಣ್ಣ ಬೆಂಗಳೂರಿನಲ್ಲೇ ಇದ್ದಾನೆ. ಆ ವರ್ಷದ ಯುಗಾದಿಗೆ ಎರಡು ದಿನದ ರಜೆಯಲ್ಲಿ ಬಂದಾಗ ಹೂವೆಲ್ಲ ಉದುರಿ ಹೋಗಿತ್ತು. ಹಸುರು ಕಾಯಿಗಳು ನೇತಾಡುತ್ತಿದ್ದವು. ಅವನು ಒಂದನ್ನು ಕಿತ್ತು, ತುದಿಯನ್ನು ಬೆರಳಿನಿಂದ ಒತ್ತಿ ಬೀಜ ಕಟ್ಟಿದೆಯೇ ಎಂದು ನೋಡಿದ.